ಕೋಣೆಗೊಂದು ಗಡಿಯಾರ, ಮನೆಗೆಲ್ಲ ಒಂದೇ ಹಾಡು

ಹಾಲ್‌ನಲ್ಲಿ ಕೇಳುವ ಹಾಡೇ ಅಡುಗೆಮನೆಯಲ್ಲೂ ಮಹಡಿಯಲ್ಲೂ ಕೇಳಬೇಕೆಂದರೆ ಕೋಣೆಗೊಂದು ದುಬಾರಿ ವೈರ್‌ಲೆಸ್ ಸ್ಪೀಕರ್ ಬೇಕೆಂದೇನಿಲ್ಲ. ಅಟ್ಟ ಸೇರಿರುವ ಹಳೆಯ ಮ್ಯೂಸಿಕ್ ಸಿಸ್ಟಮ್ಮಿನ ಸ್ಪೀಕರ್‌ಗಳು ಹರಿದಿರದಿದ್ದರೆ ಅವೇ ಸಾಕು. ಸದ್ದು ಮಾಡುವುದು ಸುಲಭ. ಎಲ್ಲ ಕಡೆಯೂ ಒಂದೇ ಹೊತ್ತಿಗೆ ಮಾಡುವುದು ಕಷ್ಟ.

ಶಬ್ದ ಒಂದು ಮಿಲಿಸೆಕೆಂಡಿನಲ್ಲಿ ಸಾಗುವುದು ಸುಮಾರು 34 ಸೆಂಟಿಮೀಟರ್. ಹಾಗಾಗಿ ಎರಡು ಕೋಣೆಗಳ ನಡುವೆ ಓಡಾಡುವವರಿಗೆ ಕೆಲವು ಮಿಲಿಸೆಕೆಂಡುಗಳ ಹಿಂದುಮುಂದು ತಪ್ಪಿದ್ದಲ್ಲ. ಕಿವಿ ಅದನ್ನು ಸಹಿಸಿಕೊಳ್ಳುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು: ಅದೇ ದನಿ ಸುಮಾರು 30 ಮಿಲಿಸೆಕೆಂಡಿನೊಳಗೆ ಮತ್ತೊಮ್ಮೆ ಬಂದರೆ ಮಿದುಳು ಎರಡನ್ನೂ ಬೆಸೆದು ಒಂದಾಗಿಯೇ ಕೇಳಿಸಿಕೊಳ್ಳುತ್ತದೆ. ಮೃದಂಗದ ಪೆಟ್ಟಿನಂಥ ಚುರುಕು ಸದ್ದಿಗೆ ಈ ವಿನಾಯಿತಿ ಇನ್ನೂ ಕಡಿಮೆ. ಮಿತಿ ದಾಟಿದರೆ ಪ್ರತಿ ಪೆಟ್ಟೂ ಎರಡೆರಡು ಸಲ ಬಿದ್ದು ತಲೆ ಚಿಟ್ಟು ಹಿಡಿಯುತ್ತದೆ.

ಎರಡು ಕೋಣೆಯ ಯಂತ್ರಗಳನ್ನೂ ಒಟ್ಟಿಗೆ ಶುರು ಮಾಡಿಬಿಟ್ಟರೆ ಸಾಲದೇ? ಸಾಲದು. ಪ್ರತಿಯೊಂದರಲ್ಲೂ ಕ್ವಾರ್ಟ್ಜ್ ಹರಳಿನ ಗಡಿಯಾರ ಬೇರೆಬೇರೆ. ಅಗ್ಗದ ಹರಳುಗಳ ಲೆಕ್ಕ ಹತ್ತು ಲಕ್ಷಕ್ಕೆ ಹತ್ತಾರರಷ್ಟು ಹೆಚ್ಚುಕಮ್ಮಿಯಾಗುತ್ತದೆ. ಎರಡರ ನಡುವೆ ಹತ್ತು ಲಕ್ಷಕ್ಕೆ 50ರ ವ್ಯತ್ಯಾಸವಿದೆಯೆನ್ನಿ: ನಿಮಿಷಕ್ಕೆ 3 ಮಿಲಿಸೆಕೆಂಡ್ ಅಂತರ. ಹತ್ತು ನಿಮಿಷದ ಆಲಾಪನೆ ಮುಗಿಯುವಷ್ಟರಲ್ಲಿ 30!

ಈ ತೊಡಕನ್ನು ಬಿಡಿಸುವ ಸ್ನ್ಯಾಪ್‌ಕಾಸ್ಟ್ ಎಂಬ ಮುಕ್ತ ತಂತ್ರಾಂಶಕ್ಕೆ ಕಾಸು ಕೊಡಬೇಕಿಲ್ಲ. ಮನೆಯ ಒಂದು ಕಂಪ್ಯೂಟರ್ ಹಾಡನ್ನು ಸಣ್ಣ ತುಣುಕುಗಳಾಗಿಸಿ, ಪ್ರತಿ ತುಣುಕಿಗೂ ವೇಳೆಯ ಗುರುತು ಹಾಕಿ ವೈಫೈಯಲ್ಲಿ ಕಳಿಸುತ್ತದೆ. ಕೋಣೆಗಳ ಯಂತ್ರಗಳು ಅದರ ಗಡಿಯಾರವನ್ನು ಆಗಾಗ ವಿಚಾರಿಸಿಕೊಳ್ಳುತ್ತ, ಸುಮಾರು ಒಂದು ಸೆಕೆಂಡ್ ತಡೆದು, ಗೊತ್ತಾದ ಕ್ಷಣಕ್ಕೇ ನುಡಿಸುತ್ತವೆ. ಹಿಂದೆ ಬಿದ್ದರೆ ಒಂದು ಸ್ಯಾಂಪಲ್, ಅಂದರೆ ಸದ್ದಿನ ಒಂದು ಕ್ಷಣದ ಅಳತೆ, ಬಿಡುವುದು, ಮುಂದೋಡಿದರೆ ಒಂದನ್ನು ಸೇರಿಸುವುದು. ಸಿ.ಡಿ. ಗುಣಮಟ್ಟದಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್‌ಗಳಿರುವಾಗ ಒಂದು ಹೋದದ್ದು ಯಾರಿಗೆ ಗೊತ್ತಾದೀತು? ಅಂತರ ಸಾಮಾನ್ಯವಾಗಿ 0.2 ಮಿಲಿಸೆಕೆಂಡಿಗಿಂತ ಕಡಿಮೆ. ಆದರೆ ಆ ಒಂದು ಸೆಕೆಂಡಿನ ತಡದಿಂದಾಗಿ ಟಿ.ವಿ.ಯ ಸದ್ದಿಗೆ ಇದು ಒಗ್ಗದು. ತುಟಿ ಮೊದಲು, ಮಾತು ಆಮೇಲೆ.

ಕೋಣೆಯಲ್ಲಿಡಲು ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಎಂಬ ಪುಟಾಣಿ ಕಂಪ್ಯೂಟರ್ ಧಾರಾಳ. ಅದಕ್ಕೆ ಹೆಡ್‌ಫೋನ್ ಕಿಂಡಿಯಿಲ್ಲ, ಡಿಜಿಟಲ್ ಅಂಕಿಗಳನ್ನು ಸದ್ದಿನ ಸಿಗ್ನಲ್ಲಾಗಿಸುವ ಪುಟ್ಟದೊಂದು ಡ್ಯಾಕ್ ಬೋರ್ಡ್ ಜೋಡಿಸಬೇಕು. ಆಮೇಲೆ ಕ್ಲಾಸ್-ಡಿ ಆಂಪ್ಲಿಫೈಯರ್. ಇದು ಬಿಸಿಯಾಗಿ ಕಳೆಯುವ ವಿದ್ಯುತ್ ಕಡಿಮೆ, ಆದ್ದರಿಂದಲೇ ಅಂಗೈಯಗಲದ ಬೋರ್ಡ್ ಸಾಕಾಗುತ್ತದೆ. ಟಿಪಿಎ3116 ಚಿಪ್ಪಿನ ಬೋರ್ಡಿನ ಮೇಲೆ 50 ವ್ಯಾಟ್ ಎಂದಿದ್ದರೂ ಹಳೇ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರಿನಲ್ಲಿ 8 ಓಮ್ ಸ್ಪೀಕರಿಗೆ ಸಿಗುವುದು ಸುಮಾರು 20. ಅಡುಗೆಮನೆಗೆ ಅದೇ ಜಾಸ್ತಿ.

ಖರ್ಚು ಉಳಿಸಲು ಒಂದೇ ಆಂಪ್ಲಿಫೈಯರಿಗೆ ಎಲ್ಲ ಕೋಣೆಗಳ ಸ್ಪೀಕರ್ ಸಿಕ್ಕಿಸಬೇಡಿ. 8 ಓಮಿನ ನಾಲ್ಕನ್ನು ಸಮಾಂತರವಾಗಿ ಜೋಡಿಸಿದರೆ 2 ಓಮ್ ಆಗಿ, ಚಿಪ್ಪು ಕಾದು ನಿಲ್ಲುತ್ತದೆ. ಎಡ-ಬಲ ಸ್ಪೀಕರ್‌ಗಳ ಕಪ್ಪು ತಂತಿಗಳನ್ನು ಒಟ್ಟು ಹೆಣೆಯುವ ಹಳೆಯ ಅಭ್ಯಾಸವೂ ಇಲ್ಲಿ ನಡೆಯದು: ಈ ಚಿಪ್ಪಿನಲ್ಲಿ ಕಪ್ಪು ತಂತಿಯೂ ಸಿಗ್ನಲ್ ಹೊತ್ತಿರುತ್ತದೆ.