ಕತ್ತಿವರಸೆಯ ಹೆಲೆನೆ ಮೇಯರ್

ಕತ್ತಿವರಸೆಯೆಂದೊಡನೆ ನಮ್ಮ ಜನಕ್ಕೆ ಗರಡಿಯ ನೆನಪಾಗುವುದು ಸಹಜ. ಯೂರೋಪಿನವರು ಫಾಯಿಲ್ ಎಂದು ಕರೆಯುವ ಕತ್ತಿಯ ಆಟವು ಅದಕ್ಕಿಂತ ಬೇರೆ. ಅರ್ಧ ಕಿಲೋಗ್ರಾಮಿಗೆ ಮೀರದ ತೂಕ, ಬಳುಕುವ ಅಲಗು, ಮೊಂಡಾದ ತುದಿ. ಇದರಿಂದ ಕಡಿಯುವಂತಿಲ್ಲ, ಇರಿಯಬಹುದಷ್ಟೆ. ಎದುರಾಳಿಯ ಮುಂಡಭಾಗಕ್ಕೆ ತುದಿ ತಗುಲಿದರೆ ಮಾತ್ರ ಲೆಕ್ಕ. ಕೈಕಾಲುಗಳಿಗೆ ತಾಗಿದುದು ಗಣನೆಗೆ ಬಾರದು. ಮೊದಲು ಮೇಲ್ವಾಯ್ದವರ ಏಟನ್ನು ತಡೆದ ಬಳಿಕವೇ ಮರುಏಟಿಗೆ ಹಕ್ಕು. ಅಂಕಣವು 14 ಮೀಟರು ಉದ್ದ, ಎರಡು ಮೀಟರಿಗೆ ಮೀರದ ಅಗಲ. ಚಳ್ಳಕೆರೆ ಸೀಮೆಯ ವರವು ಕಾವಲಿನ ಹುಲ್ಲುಬಯಲನ್ನು ಕಂಡವರಿಗೆ ಇದೊಂದು ಓಣಿಯೆಂದೇ ತೋರೀತು. ಆ ಕಾಲದಲ್ಲಿ ಏಟನ್ನು ತಿಳಿಸುವ ವಿದ್ಯುದ್ಯಂತ್ರವಿರಲಿಲ್ಲ. ನಾಲ್ವರು ತೀರ್ಪುಗಾರರು, ಒಬ್ಬ ಅಧ್ಯಕ್ಷ, ಇವರ ಕಣ್ಣೇ ಪ್ರಮಾಣ.

ಈ ವಿದ್ಯೆಯಲ್ಲಿ ಜರ್ಮನಿಯು ಕಂಡ ಅತ್ಯಂತ ಪ್ರಸಿದ್ಧಳಾದ ಹೆಲೆನೆ ಮೇಯರ್ 1910ರಲ್ಲಿ ಆಫೆನ್‌ಬಾಕ್ ನಗರದಲ್ಲಿ ಹುಟ್ಟಿದಳು. ತಂದೆ ಯೆಹೂದ್ಯ ವೈದ್ಯ, ತಾಯಿ ಕ್ರೈಸ್ತಳು. 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ ಕೂಟದಲ್ಲಿ 17 ವರ್ಷದ ಈ ಹುಡುಗಿಯು 20 ಪಂದ್ಯಗಳಲ್ಲಿ 18ನ್ನು ಗೆದ್ದು ಚಿನ್ನದ ಪದಕವನ್ನು ಪಡೆದಳು. 1930ರೊಳಗಾಗಿ ಆರು ಬಾರಿ ಜರ್ಮನಿಯ ರಾಷ್ಟ್ರೀಯ ಪ್ರಶಸ್ತಿ ಆಕೆಯದಾಗಿತ್ತು. ಅವಳ ಚಿನ್ನದ ಬಣ್ಣದ ಜಡೆಯೂ, ಹಣೆಗೆ ಕಟ್ಟುತ್ತಿದ್ದ ಬಿಳಿಯ ಪಟ್ಟಿಯೂ ಆ ದೇಶದಲ್ಲಿ ಮನೆಮಾತಾಗಿದ್ದುವು. 1932ರಲ್ಲಿ ಲಾಸ್ ಏಂಜಲೀಸಿನಲ್ಲಿ ಮಾತ್ರ ಐದನೆಯ ಸ್ಥಾನ. ಆಮೇಲೆ ವ್ಯಾಸಂಗಕ್ಕಾಗಿ ಕ್ಯಾಲಿಫೋರ್ನಿಯದಲ್ಲಿಯೇ ಉಳಿದಳು.

1933ರಲ್ಲಿ ಹಿಟ್ಲರನ ಆಡಳಿತ ಬಂದಿತು. ಹುಟ್ಟೂರಿನ ಕತ್ತಿವರಸೆಯ ಸಂಘವು ಆಕೆಯ ಹೆಸರನ್ನು ಹೊಡೆದುಹಾಕಿತು. ಎರಡು ವರ್ಷಗಳ ತರುವಾಯ ನ್ಯೂರೆಂಬರ್ಗಿನ ಶಾಸನಗಳು ಯೆಹೂದ್ಯರ ಪೌರತ್ವವನ್ನೇ ಕಿತ್ತುಕೊಂಡುವು. ಹೀಗಿದ್ದೂ 1936ರ ಬರ್ಲಿನ್ ಕೂಟಕ್ಕೆ ಅದೇ ಸರಕಾರವು ಅವಳನ್ನು ಕರೆಯಿಸಿತು. ಇದು ಔದಾರ್ಯವಲ್ಲ, ಕೂಟವನ್ನು ಬಹಿಷ್ಕರಿಸಬೇಕೆಂದು ಅಮೆರಿಕದಲ್ಲಿ ಎದ್ದಿದ್ದ ಕೂಗನ್ನು ಅಡಗಿಸುವುದಕ್ಕೆ ಯೆಹೂದ್ಯ ಮೂಲದವರೊಬ್ಬರನ್ನಾದರೂ ತೋರಿಸಬೇಕಾಗಿತ್ತು. ಎತ್ತರಜಿಗಿತದ ಗ್ರೆಟೆಲ್ ಬರ್ಗ್‌ಮನ್ನಳ ಗತಿಯೇ ಇದಕ್ಕೆ ಸಾಕ್ಷಿ. ರಾಷ್ಟ್ರೀಯ ದಾಖಲೆಯನ್ನು ಸರಿಗಟ್ಟಿದ್ದರೂ, ಅಮೆರಿಕದ ತಂಡವು ಹಡಗೇರಿದ ಕೂಡಲೆ ಆಕೆಯನ್ನು ಕೈಬಿಟ್ಟರು.

ಮೇಯರಳು ತನಗೆ ಪೂರ್ಣ ಪೌರತ್ವ ಬೇಕೆಂದು ಕೇಳಿದಳು, ಹೋದಳು, ಎರಡನೆಯವಳಾದಳು. ಗೆದ್ದವಳು ಹಂಗೆರಿಯ ಇಲೋನಾ ಎಲೆಕ್; ಅವಳ ತಂದೆಯೂ ಯೆಹೂದ್ಯನೇ! ಪದಕದ ವೇದಿಕೆಯ ಮೇಲೆ ಬಿಳಿಯ ಉಡುಪಿನ ಮೇಯರಳು ಬಲಗೈಯನ್ನು ನೀಡಿ ನಾಜಿ ವಂದನೆಯನ್ನು ಮಾಡಿದಳು. ಈ ಚಿತ್ರವೇ ಅವಳನ್ನು ಇಂದಿಗೂ ಬಿಟ್ಟಿಲ್ಲ. ತಾಯಿಯೂ ಸೋದರರೂ ಜರ್ಮನಿಯಲ್ಲಿದ್ದರೆಂಬುದನ್ನು ನಾವು ಮರೆಯಬಾರದು. ಆದರೆ ಆ ಕೈಯಿಂದ ಸರಕಾರಕ್ಕೆ ದೊರೆತ ಲಾಭವನ್ನು ಅಲ್ಲಗಳೆಯುವುದೂ ನನ್ನಿಂದಾಗದು. ಅಂಜಿಕೆಯೋ, ತನ್ನನ್ನು ತಳ್ಳಿದ ನಾಡಿನ ಮೇಲಣ ಮಮತೆಯೋ, ಎರಡೂ ಕೂಡಿದ್ದುವೆಂದೇ ನನ್ನ ಊಹೆ.

ಮರುವರ್ಷ ಪ್ಯಾರಿಸಿನಲ್ಲಿ ಆಕೆ ಮೂರನೆಯ ಬಾರಿ ವಿಶ್ವಪ್ರಶಸ್ತಿಯನ್ನು ಗೆದ್ದಳು. 1929 ಮತ್ತು 1931ರಲ್ಲಿ ಹಿಂದೆ ಗೆದ್ದಿದ್ದಳು. ಅಲ್ಲಿಗೆ ಜರ್ಮನಿಯ ಪರವಾಗಿ ಕತ್ತಿ ಹಿಡಿದುದು ಮುಗಿಯಿತು. ಅಮೆರಿಕದ ಮಿಲ್ಸ್ ಕಾಲೇಜಿನಲ್ಲಿ ಪಾಠ ಹೇಳುತ್ತ, 1934ರಿಂದ 1946ರ ವರೆಗೆ ಎಂಟು ಬಾರಿ ಆ ದೇಶದ ಪ್ರಶಸ್ತಿಯನ್ನು ತನ್ನದಾಗಿಸಿಕೊಂಡಳು; ಅಲ್ಲಿಯ ಪೌರಳೂ ಆದಳು. 1952ರಲ್ಲಿ ಜರ್ಮನಿಗೆ ಮರಳಿ ಮದುವೆಯಾದಳು. ಮಾರನೆಯ ವರ್ಷದ ಅಕ್ಟೋಬರಿನಲ್ಲಿ, 42ರ ವಯಸ್ಸಿನಲ್ಲಿ, ಅರ್ಬುದರೋಗದಿಂದ ತೀರಿಕೊಂಡಳು. 1968ರಲ್ಲಿ ಪಶ್ಚಿಮ ಜರ್ಮನಿಯ ಸರಕಾರವು ಅವಳ ಚಿತ್ರದ ಅಂಚೆಚೀಟಿಯನ್ನು ಹೊರಡಿಸಿತು.