ಡಬ್ಬದ ಮೇಲೆ '450 ವ್ಯಾಟ್' ಎಂದಿದ್ದರೆ ಸಾಕೇ? ಎಸ್‌ಎಂಪಿಎಸ್ ಕೊಳ್ಳುವ ಮುನ್ನ ಇದನ್ನು ಓದಿ

'ಕಡಿಮೆ ಬೆಲೆಗೆ ಗೇಮಿಂಗ್ ಪಿಸಿ' ಎಂಬ ಪಟ್ಟಿಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಓಡಾಡುತ್ತವೆ. ಪ್ರೊಸೆಸರ್ ಯಾವುದು, ಗ್ರಾಫಿಕ್ಸ್ ಕಾರ್ಡ್ ಯಾವುದು ಎಂದೆಲ್ಲ ಬಿಡಿಸಿ ಬರೆದಿರುತ್ತಾರೆ. ಕೊನೆಯ ಸಾಲಿನಲ್ಲಿ ಮಾತ್ರ 'ಕ್ಯಾಬಿನೆಟ್ ಜೊತೆ 450 ವ್ಯಾಟ್ ಎಸ್‌ಎಂಪಿಎಸ್' ಎಂದಷ್ಟೇ ಇರುತ್ತದೆ. ಕಂಪನಿಯ ಹೆಸರಿಲ್ಲ, ಮಾದರಿಯ ಸುಳಿವಿಲ್ಲ. ಮಕ್ಕಳ ಓದಿಗೆಂದು ಹಣ ಕೂಡಿಟ್ಟು ಕಂಪ್ಯೂಟರ್ ಜೋಡಿಸುವವರು ಈ ಒಂದು ಸಾಲಿನಲ್ಲಿ ಉಳಿತಾಯ ಮಾಡಲು ಹೋಗಿ ಉಳಿದೆಲ್ಲ ಭಾಗಗಳನ್ನೂ ಅಪಾಯಕ್ಕೆ ಒಡ್ಡುತ್ತಾರೆ. ಹೇಗೆ ಎಂದು ನೋಡೋಣ.

ಇದರ ಕೆಲಸವೇನು?

ನಮ್ಮ ಮನೆಗೆ ಬರುವುದು 230 ವೋಲ್ಟ್ ಎಸಿ ಕರೆಂಟ್. ಕಂಪ್ಯೂಟರ್ ಒಳಗಿನ ಚಿಪ್‌ಗಳಿಗೆ ಬೇಕಿರುವುದು 12, 5 ಮತ್ತು 3.3 ವೋಲ್ಟ್ ಡಿಸಿ. ಈ ಬದಲಾವಣೆ ಮಾಡುವುದೇ ಎಸ್‌ಎಂಪಿಎಸ್. ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್, ಡಿಸ್ಕ್ ಎಲ್ಲವೂ ಇದಕ್ಕೇ ಜೋಡಿಸಿಕೊಂಡಿರುತ್ತವೆ. ಹಾಗಾಗಿ ಇದು ಕೆಡುವಾಗ ತಾನೊಂದೇ ಕೆಡುತ್ತದೆ ಎನ್ನುವ ಖಾತ್ರಿಯಿಲ್ಲ. ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ ವೋಲ್ಟೇಜ್ ಏರಿದರೆ, ಹೊರೆ ಹೆಚ್ಚಾದರೆ, ಶಾರ್ಟ್ ಆದರೆ ತಾನಾಗಿ ಆಫ್ ಆಗುವ ರಕ್ಷಣೆಗಳಿರುತ್ತವೆ. ಬೆಲೆ ಇಳಿಸಲು ಮೊದಲು ಕತ್ತರಿ ಬೀಳುವುದು ಇಂಥವುಗಳಿಗೇ.

ನಂಬಿಕೆ 1: ದೊಡ್ಡ ಅಕ್ಷರದ ವ್ಯಾಟ್ ನೋಡಿದರೆ ಸಾಕು

ಸಾಲದು. ಇಂದಿನ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಬಹುಪಾಲು ವಿದ್ಯುತ್ ಪಡೆಯುವುದು 12 ವೋಲ್ಟ್ ಸಾಲಿನಿಂದ. ಎಸ್‌ಎಂಪಿಎಸ್‌ನ ಬದಿಯಲ್ಲಿ ಅಂಟಿಸಿರುವ ಪಟ್ಟಿಯಲ್ಲಿ 12 ವೋಲ್ಟ್ ಎಂಬುದರ ಕೆಳಗೆ ಎಷ್ಟು ಆಂಪಿಯರ್ ಇದೆ ನೋಡಿ, ಅದನ್ನು 12ರಿಂದ ಗುಣಿಸಿ. 36 ಆಂಪಿಯರ್ ಇದ್ದರೆ 432 ವ್ಯಾಟ್. '450 ವ್ಯಾಟ್' ಎಂಬ ಮಾತಿಗೆ ಇದು ಹೊಂದುತ್ತದೆ. ಅದೇ 16 ಆಂಪಿಯರ್ ಎಂದಿದ್ದರೆ 192 ವ್ಯಾಟ್ ಮಾತ್ರ! ಡಬ್ಬದ ಮೇಲೆ ಏನೇ ಬರೆದಿರಲಿ, ನಿಮ್ಮ ಗ್ರಾಫಿಕ್ಸ್ ಕಾರ್ಡ್‌ಗೆ ಸಿಗುವುದು ಇದರೊಳಗಿನ ಪಾಲು. ಪಟ್ಟಿಯಲ್ಲಿ 12 ವೋಲ್ಟ್‌ಗೆ ಎರಡು ಸಾಲುಗಳಿದ್ದರೆ ಆಂಪಿಯರ್ ಕೂಡಬೇಡಿ, ಎರಡಕ್ಕೂ ಸೇರಿಸಿ ಬರೆದಿರುವ ಒಟ್ಟು ವ್ಯಾಟ್ ನೋಡಿ.

ನಂಬಿಕೆ 2: ವ್ಯಾಟ್ ಹೆಚ್ಚಾದರೆ ಕರೆಂಟ್ ಬಿಲ್ಲೂ ಹೆಚ್ಚು

ತಪ್ಪು. 650 ವ್ಯಾಟ್ ಎಂಬುದು ಅದು ಕೊಡಬಲ್ಲ ಗರಿಷ್ಠ ಮಿತಿ. ಕಂಪ್ಯೂಟರ್ 200 ವ್ಯಾಟ್ ಕೇಳಿದರೆ ಅಷ್ಟನ್ನೇ ಕೊಡುತ್ತದೆ. ಬಿಲ್ ನಿರ್ಧರಿಸುವುದು ದಕ್ಷತೆ. ಆ 200 ವ್ಯಾಟ್ ಕೊಡಲು 85% ದಕ್ಷತೆಯ ಎಸ್‌ಎಂಪಿಎಸ್ ಗೋಡೆಯಿಂದ ಸುಮಾರು 235 ವ್ಯಾಟ್ ಎಳೆದರೆ, 70% ದಕ್ಷತೆಯದು ಸುಮಾರು 286 ವ್ಯಾಟ್ ಎಳೆಯುತ್ತದೆ. ದಿನಕ್ಕೆ 6 ಗಂಟೆ ಬಳಸಿದರೆ ತಿಂಗಳಿಗೆ ಸುಮಾರು 9 ಯೂನಿಟ್ ವ್ಯತ್ಯಾಸ. ಆ ಹೆಚ್ಚಿನ ವಿದ್ಯುತ್ತೆಲ್ಲ ಡಬ್ಬದೊಳಗೆ ಬಿಸಿಯಾಗಿ ಹೋಗುತ್ತದೆ.

ನಂಬಿಕೆ 3: '80 ಪ್ಲಸ್' ಗುರುತಿದ್ದರೆ ಸುರಕ್ಷಿತ

ಅರ್ಧ ನಿಜ. 2004ರಲ್ಲಿ ಶುರುವಾದ ಈ ಗುರುತು ಅಳೆಯುವುದು ದಕ್ಷತೆಯನ್ನು. ರಕ್ಷಣೆಗಳು ಸರಿಯಾಗಿ ಕೆಲಸ ಮಾಡುತ್ತವೆಯೇ ಎಂಬುದಕ್ಕೆ ಅದು ಉತ್ತರ ಹೇಳುವುದಿಲ್ಲ. ಆದರೂ ಬ್ರಾಂಜ್ ಗುರುತು ಪಡೆದ ಮಾದರಿ ಹೆಸರಿಲ್ಲದ ಡಬ್ಬಕ್ಕಿಂತ ಎಷ್ಟೋ ಮೇಲು.

ನಂಬಿಕೆ 4: ದೊಡ್ಡ ಕಂಪನಿಯದಾದರೆ ಯೋಚಿಸಬೇಕಿಲ್ಲ

ಯೋಚಿಸಬೇಕು. 2021ರ ಆಗಸ್ಟ್‌ನಲ್ಲಿ ಗಿಗಾಬೈಟ್ ಕಂಪನಿ ತನ್ನ ಪಿ750ಜಿಎಂ ಮತ್ತು ಪಿ850ಜಿಎಂ ಮಾದರಿಗಳನ್ನು ಬದಲಿಸಿಕೊಡುವುದಾಗಿ ಪ್ರಕಟಿಸಿತು. ಹೊರೆ ಮಿತಿಮೀರಿದಾಗ ಅವು ಸಿಡಿದು ಹಾಳಾಗುತ್ತಿದ್ದುದನ್ನು ಸ್ವತಂತ್ರ ಪರೀಕ್ಷಕರು ತೋರಿಸಿದ್ದರು. ಆದ್ದರಿಂದ ಕಂಪನಿಯ ಹೆಸರಿಗಿಂತ ಮಾದರಿಯ ಹೆಸರು ಹಾಕಿ, ಹೊರೆ ಕೊಟ್ಟು ಅಳೆದ ಪರೀಕ್ಷೆಗಳನ್ನು ಹುಡುಕಿ.

ಹಾಗಾದರೆ ನಮಗೆ ಎಷ್ಟು ಬೇಕು?

ಒಂದು ಲೆಕ್ಕ ಮಾಡೋಣ. ಇಂಟೆಲ್ ಐ3-12100ಎಫ್ ಪ್ರೊಸೆಸರ್ ಗರಿಷ್ಠ 89 ವ್ಯಾಟ್, 8 ಜಿಬಿಯ ಆರ್‌ಟಿಎಕ್ಸ್ 3050 ಕಾರ್ಡ್ 130 ವ್ಯಾಟ್. ಮದರ್‌ಬೋರ್ಡ್, ರ್‍ಯಾಮ್, ಎಸ್‌ಎಸ್‌ಡಿ, ಫ್ಯಾನ್‌ಗಳಿಗೆ 50 ಎಂದುಕೊಳ್ಳಿ. ಒಟ್ಟು ಸುಮಾರು 270 ವ್ಯಾಟ್. ಆದರೂ ಈ ಕಾರ್ಡ್‌ಗೆ ಎನ್‌ವಿಡಿಯಾ ಹೇಳುವುದು 550 ವ್ಯಾಟ್. ಕ್ಷಣಕಾಲ ಬೇಡಿಕೆ ಏರುವುದು, ಬೇರೆ ಪ್ರೊಸೆಸರ್ ಹೆಚ್ಚು ಎಳೆಯುವುದು, ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಅದನ್ನೇ ಪಾಲಿಸಿದರೆ ಸಾಕು, 750ರ ಹಿಂದೆ ಓಡಬೇಕಿಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್‌ಗೆ ಒಳ್ಳೆಯ 450 ವ್ಯಾಟ್ ಧಾರಾಳ.

ಅಂಗಡಿಯಲ್ಲಿ ನೋಡಬೇಕಾದದ್ದು

• ಎಸ್.ಪಿ. ರೋಡ್ ಆಗಲಿ ನಿಮ್ಮೂರಿನ ಅಂಗಡಿಯಾಗಲಿ, ಎಸ್‌ಎಂಪಿಎಸ್‌ನ ಮಾದರಿ ಹೆಸರನ್ನು ಬಿಲ್‌ನಲ್ಲಿ ಬರೆಸಿ. ಎಷ್ಟು ವರ್ಷದ ವಾರಂಟಿ ಎಂದು ಕೇಳಿ.

• ಪಟ್ಟಿಯ ಮೇಲೆ 'ಆರ್' ಅಕ್ಷರದಿಂದ ಶುರುವಾಗುವ ಬಿಐಎಸ್ ನೋಂದಣಿ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಅಸಲಿಯೇ ಎಂದು ಅಲ್ಲೇ ಗೊತ್ತಾಗುತ್ತದೆ.

• ವೋಲ್ಟೇಜ್ ಏರಿಳಿತ ಹೆಚ್ಚಿರುವ ಊರಾದರೆ, '100–240 ವೋಲ್ಟ್' ಎಂದು ಬರೆದಿರುವುದನ್ನೇ ಆರಿಸಿ.

• ಹಿಂಬದಿಯಲ್ಲಿ 115/230ರ ಕೆಂಪು ಸ್ವಿಚ್ ಇದ್ದರೆ 230ರಲ್ಲೇ ಇರಲಿ. 115ಕ್ಕೆ ಸರಿಸಿ ಪ್ಲಗ್ ಹಾಕಿದರೆ ಸುಟ್ಟುಹೋಗಬಹುದು.

• ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆನ್ನುತ್ತಿದ್ದರೆ ಮೊದಲು ಮನೆಯ ಅರ್ಥಿಂಗ್ ಪರೀಕ್ಷಿಸಿ. ಮೂರು ಪಿನ್ನಿನ ಪ್ಲಗ್ ಅನ್ನು ಎರಡು ಪಿನ್ನಿಗೆ ಇಳಿಸಬೇಡಿ.

ಹಣ ಸಾಲದಿದ್ದರೆ ಬಣ್ಣದ ದೀಪದ ಕ್ಯಾಬಿನೆಟ್ ಬಿಡಿ, ಎಸ್‌ಎಂಪಿಎಸ್ ಬಿಡಬೇಡಿ. ಮುಂದೆ ಕಾರ್ಡ್ ಬದಲಾದರೂ ಒಳ್ಳೆಯ ಎಸ್‌ಎಂಪಿಎಸ್ ಹಾಗೇ ಬಳಕೆಗೆ ಬರುತ್ತದೆ. ಮುಂದಿನ ಸಲ ಗುಂಪಿಗೆ 'ಅಗ್ಗದ ಪಿಸಿ' ಪಟ್ಟಿ ಬಂದಾಗ ಒಂದೇ ಪ್ರಶ್ನೆ ಕೇಳಿ: "ಎಸ್‌ಎಂಪಿಎಸ್ ಯಾವ ಮಾದರಿ?" ಉತ್ತರ ಸಿಗದಿದ್ದರೆ ಆ ಪಟ್ಟಿಯನ್ನು ಫಾರ್ವರ್ಡ್ ಮಾಡಬೇಡಿ.