ನಿಧಾನವೇ ಪ್ರಧಾನ

ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ಹೋದ ವರ್ಷ ನನ್ನನ್ನು ಕೇಳಿದನು: “ಸರ್, ಮುಂದೆ ವಾಣಿಜ್ಯ ಓದುವವನಿಗೆ ಈ ರೇಖಾಗಣಿತವೇಕೆ?” ಅಂದು ನಾನಿತ್ತ ಉತ್ತರ ನನಗೇ ತೃಪ್ತಿ ತರಲಿಲ್ಲ. ಫ್ರಾನ್ಸ್ ದೇಶದ ಇಬ್ಬರು ಸಂಗೀತಗಾರರ ಜೀವನದಲ್ಲಿ ಅದಕ್ಕೆ ಉತ್ತರವಿರುವಂತೆ ತೋರಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಪ್ಯಾರಿಸ್ ನಗರದ ಸಮೀಪದಲ್ಲಿ ವರ್ಸಾಯ್ ಎಂಬ ಪಟ್ಟಣವಿದೆ. ಅಲ್ಲಿಯ ನಿಕೋಲಾ ಗೋದ್ಯಾನ್ ಎಂಬವರು ವಾಸ್ತುಶಿಲ್ಪವನ್ನು ಕಲಿತವರು. ಝಾನ್-ಬೆನ್ವಾ ಡಂಕೆಲ್ ಎಂಬವರು ಗಣಿತವನ್ನು ಕಲಿತವರು. ಇವರಿಬ್ಬರೂ 1995ರಲ್ಲಿ ಸೇರಿ ‘ಏರ್’ ಎಂಬ ಜೋಡಿಯನ್ನು ಕಟ್ಟಿದರು. ಪ್ರೀತಿ, ಕಲ್ಪನೆ, ಕನಸು ಎಂಬರ್ಥದ ಮೂರು ಫ್ರೆಂಚ್ ಪದಗಳ ಮೊದಲಕ್ಷರಗಳಿಂದ ಆದ ಹೆಸರಿದು. ಅವರ ಮೊದಮೊದಲ ಕೃತಿಯೊಂದಕ್ಕೆ ‘ಮಾಡ್ಯುಲರ್’ ಎಂದು ಹೆಸರು. ನಮ್ಮ ಚಂಡೀಗಢವನ್ನು ಯೋಜಿಸಿದ ಲೆ ಕಾರ್ಬ್ಯುಸಿಯೆ, ಮನುಷ್ಯದೇಹದ ಪ್ರಮಾಣವನ್ನು ಆಧರಿಸಿ ರಚಿಸಿದ ಅಳತೆಯ ಕ್ರಮವೇ ಮಾಡ್ಯುಲರ್. ಕಲಿತ ವಿದ್ಯೆ ಹಾಡಿನ ಹೆಸರಾಗಿ ಮರಳಿ ಬಂದಿತು!

ಇವರ ಸಂಗೀತವನ್ನು ‘ಡೌನ್‌ಟೆಂಪೋ’ ಎನ್ನುವರು. ಕುಣಿತದ ಸಂಗೀತದಲ್ಲಿ ನಿಮಿಷಕ್ಕೆ ಸುಮಾರು 120 ಪೆಟ್ಟುಗಳು ಬಿದ್ದರೆ, ಇಲ್ಲಿ ನಡೆ ಅದಕ್ಕಿಂತ ಬಹಳ ಸಾವಕಾಶ. ನಮ್ಮ ವಿಳಂಬ ಕಾಲವನ್ನು ನೆನೆಯಿರಿ. ಇದರ ಮುಖ್ಯ ವಾದ್ಯ ಸಿಂಥಸೈಜರ್. ಅದರಲ್ಲಿ ತಂತಿಯಿಲ್ಲ, ಕೊಳವೆಯಿಲ್ಲ. ವಿದ್ಯುತ್ತಿನ ಕಂಪನವೇ ಸ್ವರದ ಮೂಲ. ಕಂಪನಗಳ ಸಂಖ್ಯೆ ಇಮ್ಮಡಿಯಾದರೆ ಷಡ್ಜವು ತಾರಷಡ್ಜವಾಗುವುದು. ಬೇಡವಾದ ಅಂಶಗಳನ್ನು ಸೋಸಿ ತೆಗೆದಾಗ ಧ್ವನಿ ಮೃದುವಾಗುವುದು. ಇದು ಗಣಿತವಲ್ಲದೆ ಮತ್ತೇನು?

1998ರಲ್ಲಿ ಅವರ ‘ಮೂನ್ ಸಫಾರಿ’ ಹೊರಬಂದು ಹಲವು ದೇಶಗಳಲ್ಲಿ ಹೆಸರಾಯಿತು. ಸಂಗೀತಕ್ಕೆ ಗಣಕಯಂತ್ರ ಕಾಲಿಡುತ್ತಿದ್ದ ಆ ದಿನಗಳಲ್ಲಿ ಅವರು 1970ರ ದಶಕದ ಹಳೆಯ ವಾದ್ಯಗಳನ್ನೇ ಅಪ್ಪಿಕೊಂಡಿದ್ದರು. 2000ದಲ್ಲಿ ಸೋಫಿಯಾ ಕೊಪ್ಪೊಲಾ ಅವರ ಚಲನಚಿತ್ರಕ್ಕೆ ರಚಿಸಿದ ಸಂಗೀತ ಪ್ರಕಟವಾಯಿತು. 2001ರ ಕೃತಿಯಲ್ಲಿ ಅವರು ಹಳೆಯ ಯಶಸ್ಸಿನ ದಾರಿಯನ್ನೇ ಬಿಟ್ಟಾಗ ಕೆಲವು ವಿಮರ್ಶಕರು ಮುಖ ಸಿಂಡರಿಸಿದರು. ಆದರೂ ಅವರು ಎದೆಗುಂದಲಿಲ್ಲ. ಗೋದ್ಯಾನರು ಜಪಾನಿನ ಕೋಟೋ ಮತ್ತು ಶಾಮಿಸೆನ್ ವಾದ್ಯಗಳನ್ನು ಶಿಷ್ಯರಂತೆ ಅಭ್ಯಾಸ ಮಾಡಿದರು. ಅವುಗಳ ನಾದ 2007ರ ಕೃತಿಯಲ್ಲಿ ಕೇಳಿಬಂದಿತು. ಚಂದ್ರಯಾತ್ರೆಯನ್ನು ಕುರಿತು ಝಾರ್ಜ್ ಮೆಲಿಯೆಸ್ 1902ರಲ್ಲಿ ನಿರ್ಮಿಸಿದ ಮೂಕಚಿತ್ರದ ವರ್ಣಪ್ರತಿಯು 1993ರಲ್ಲಿ ದೊರಕಿ, ದುರಸ್ತಿಗೊಂಡು 2011ರಲ್ಲಿ ಕಾನ್ ಉತ್ಸವದಲ್ಲಿ ಪ್ರದರ್ಶಿತವಾಯಿತು. ಆ ಮೂಕಚಿತ್ರಕ್ಕೆ ನಾದವನ್ನಿತ್ತವರೂ ಇವರೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಸಮಾರೋಪದಲ್ಲಿಯೂ ಇವರ ವಾದನವಿತ್ತು.

ವಿದ್ಯಾರ್ಥಿ ಮಿತ್ರರೇ, ಗೋದ್ಯಾನರು ವಾಸ್ತುಶಿಲ್ಪಿಯಾಗಿ ಹೆಸರಾಗಲಿಲ್ಲ. ಡಂಕೆಲರು ಗಣಿತಜ್ಞರೆಂದು ಖ್ಯಾತರಾಗಲಿಲ್ಲ. ಆದರೂ ಅಳೆಯುವ, ಎಣಿಸುವ, ಕಾದು ಕಟ್ಟುವ ಅಭ್ಯಾಸ ಅವರ ಕೈಬಿಡಲಿಲ್ಲವೆಂದು ನನಗೆ ತೋರುತ್ತದೆ. ರೇಖಾಗಣಿತವೇಕೆಂದು ಕೇಳಿದ ಆ ಹುಡುಗನು ಈ ಪುಟವನ್ನು ಓದಿದರೆ, ನನ್ನ ತಡವಾದ ಉತ್ತರ ಇದೇ. ಓಡುವ ಈ ಊರಿನಲ್ಲಿ ಉತ್ತರ ತಡವಾಗಿ ಬಂದರೂ ಚಿಂತೆಯಿಲ್ಲ, ಬಂದರೆ ಸಾಕು.